‘ಬರೀ ವಿಟಮಿನ್ ತಾನೇ’ ಅಂದವರಿಗೆ ನಾನು ಏನು ಹೇಳುತ್ತೇನೆ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಸ್ಟೋರ್. ಐವತ್ತರ ಆಸುಪಾಸಿನ ಗಂಡಸರು ಬಿಪಿ, ಶುಗರ್ ಮಾತ್ರೆ ತಗೊಂಡ ಮೇಲೆ ಒಂದು ಮಾತು ಸೇರಿಸುತ್ತಾರೆ: ‘ಹಂಗೇ ವಿಟಮಿನ್ ಇ ಒಂದು ಸ್ಟ್ರಿಪ್ ಕೊಡಿ ಸಾರ್.’ ಡಾಕ್ಟರ್ ಚೀಟಿ ಇರುವುದಿಲ್ಲ. ಪ್ರಾಸ್ಟೇಟ್‌ಗೆ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಗೆ, ಒಳ್ಳೆಯದು ಅಂತ ವಾಟ್ಸಾಪ್‌ನಲ್ಲಿ ಬಂದಿರುತ್ತದೆ, ಅಷ್ಟೇ. ಮಾರಿದರೆ ನನಗೆ ಲಾಭ. ಆದರೂ ಎರಡು ಮಾತಾಡದೆ ಕೊಡುವುದಿಲ್ಲ.

ಪ್ರಾಸ್ಟೇಟ್‌ಗೂ ವಿಟಮಿನ್ ಇಗೂ ನಂಟು ಬೆಳೆದದ್ದು ಫಿನ್‌ಲ್ಯಾಂಡ್‌ನಲ್ಲಿ. ಅಲ್ಲಿ ಸಿಗರೇಟು ಸೇದುವ ಗಂಡಸರಿಗೆ ದಿನಕ್ಕೆ 50 ಮಿಲಿಗ್ರಾಂ ಕೊಟ್ಟು ನೋಡಿದಾಗ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಂಡಿತು. ಅದು ನಿಜವಾ ಅಂತ ಪರೀಕ್ಷಿಸಲು 2001ರಲ್ಲಿ ಅಮೆರಿಕ, ಕೆನಡಾ ಕಡೆ ‘ಸೆಲೆಕ್ಟ್’ ಎಂಬ ದೊಡ್ಡ ಅಧ್ಯಯನ ಶುರುವಾಯಿತು. 35 ಸಾವಿರಕ್ಕೂ ಜಾಸ್ತಿ ಗಂಡಸರು ಸೇರಿದ್ದರು. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಬಂದ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಬರೀ ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಜಾಸ್ತಿ. ಏಳು ವರ್ಷಗಳಲ್ಲಿ ಸಾವಿರ ಜನಕ್ಕೆ 65 ಇರಬೇಕಾದದ್ದು 76 ಆಗಿತ್ತು.

ಸೆಲೆಕ್ಟ್‌ನವರು ಕೊಟ್ಟದ್ದು ದಿನಕ್ಕೆ 400 ಯೂನಿಟ್. ಕೃತಕ ವಿಟಮಿನ್ ಇಯಲ್ಲಿ ಒಂದು ಮಿಲಿಗ್ರಾಂ ಅಂದರೆ ಒಂದು ಯೂನಿಟ್. ನಮ್ಮ ಗಾಜಿನ ಕಪಾಟಿನಲ್ಲಿರುವ ಹಸಿರು ಕ್ಯಾಪ್ಸೂಲ್ ಮೇಲೂ 400 ಅಂತಲೇ ಬರೆದಿದೆ. ಇದನ್ನು ತೋರಿಸಿದರೆ ಜನ ಸ್ಟ್ರಿಪ್ ತಿರುಗಿಸಿ ಓದುತ್ತಾರೆ. ‘ಬುಡಿ ಸಾರ್, ವಿಟಮಿನ್ನೇ ತಾನೆ’ ಅಂದು ತಗೊಂಡು ಹೋಗುವವರೂ ಇದ್ದಾರೆ.

ಹೆದರಿಸುವುದು ನನ್ನ ಉದ್ದೇಶ ಅಲ್ಲ. ಹಿಂದೆ ಯಾವಾಗಲೋ ನಾಲ್ಕು ದಿನ ತಿಂದವರು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಫ್ಯಾಟಿ ಲಿವರ್‌ಗೆ ಅಂತ ಡಾಕ್ಟರೇ ಬರೆದುಕೊಟ್ಟಿದ್ದರೆ ನನ್ನ ಮಾತು ಕೇಳಿ ಬಿಡಬಾರದು, ಅವರನ್ನೇ ಕೇಳಬೇಕು. ಯಾರೂ ಬರೆಯದೆ ವರ್ಷಗಟ್ಟಲೆ ನುಂಗುವವರ ಬಗ್ಗೆ ಮಾತ್ರ ನನಗೆ ತಕರಾರು.

ಅಂಥವರಿಗೆ ಮನೆಯಲ್ಲಿರುವ ಸ್ಟ್ರಿಪ್, ಡಬ್ಬಿ ಎಲ್ಲ ಒಂದು ಕವರ್‌ನಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಕೌಂಟರ್ ಮೇಲೆ ಹರವಿ, ಹಿಂದಿನ ಸಣ್ಣ ಅಕ್ಷರ ಓದಿ, ಒಂದು ಹಾಳೆಯಲ್ಲಿ ಕೂಡಿಸುತ್ತೇನೆ. ಸುಸ್ತಿಗೆ ಮಲ್ಟಿವಿಟಮಿನ್, ಕಣ್ಣಿಗೆ ಇನ್ನೊಂದು, ಕೂದಲಿಗೆ ಮತ್ತೊಂದು. ಒಂದೇ ವಿಟಮಿನ್ ಮೂರು ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತಿರುತ್ತದೆ. ವಾರಕ್ಕೊಂದರಂತೆ ಕೆಲವೇ ವಾರಕ್ಕೆ ಬರೆದ 60,000 ಯೂನಿಟ್‌ನ ವಿಟಮಿನ್ ಡಿಯನ್ನು ತಿಂಗಳುಗಟ್ಟಲೆ ಮುಂದುವರಿಸಿದವರು ಸಿಗುತ್ತಾರೆ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ಕೂದಲಿನ ಮಾತ್ರೆಯ ಬಗ್ಗೆ ಒಂದು ಮಾತು. ಅದರಲ್ಲಿ ಬಯೋಟಿನ್ ಎಂಬ ಬಿ ವಿಟಮಿನ್ ಜಾಸ್ತಿ ಇರುತ್ತದೆ. ಕೆಲವು ಲ್ಯಾಬ್‌ಗಳ ಪರೀಕ್ಷಾ ವಿಧಾನದಲ್ಲಿ ಇದು ಅಡ್ಡ ಬಂದು ಪಿಎಸ್ಎ, ಅಂದರೆ ಪ್ರಾಸ್ಟೇಟ್ ತೊಂದರೆಯ ಸುಳಿವಿಗಾಗಿ ರಕ್ತದಲ್ಲಿ ನೋಡುವ ಅಂಶ, ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಕೂದಲು ಉದುರದಿರಲಿ ಅಂತ ಕೊಡುವ ಫಿನಾಸ್ಟರೈಡ್ ಕೂಡ ಪಿಎಸ್ಎಯನ್ನು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಸುತ್ತದೆ. ರಿಪೋರ್ಟ್ ನಾರ್ಮಲ್ ಅಂತ ಖುಷಿಯಾಗಿ ಮನೆಗೆ ಹೋದರೆ ಏನು ಬಂತು? ರಕ್ತ ಕೊಡುವ ಮುಂಚೆಯೇ ತಗೋತಿರುವುದನ್ನೆಲ್ಲ ಡಾಕ್ಟರ್‌ಗೂ ಲ್ಯಾಬ್‌ನವರಿಗೂ ಹೇಳಿ ಅಂತ ಒತ್ತಿ ಹೇಳುತ್ತೇನೆ.

ಊಟದಿಂದ ಬರುವ ವಿಟಮಿನ್ ಇಗೆ ಈ ಗೊಡವೆ ಇಲ್ಲ. ಕಡ್ಲೆಕಾಯಿ, ಸೊಪ್ಪು, ಸೂರ್ಯಕಾಂತಿ ಎಣ್ಣೆ ನಮ್ಮ ಕಡೆ ದಿನಾ ಇದ್ದದ್ದೇ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ: ‘ನಿಮ್ಮಪ್ಪಂಗೋ ಅಣ್ಣತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತಾ?’ ಹೌದು ಅಂದರೆ ಅಪಾಯ ಸುಮಾರು ಎರಡು ಪಟ್ಟು. ಶುರುವಿನಲ್ಲಿ ಈ ಕಾಯಿಲೆ ಸುಳಿವು ಕೊಡುವುದು ಕಡಿಮೆ. ಹಾಗಾಗಿ ಅಂಥವರು ನಲವತ್ತೈದಕ್ಕೇ ಪಿಎಸ್ಎ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಬೇಕು. ಕ್ಯಾಪ್ಸೂಲ್‌ಗೆ ಕೊಡುವ ದುಡ್ಡನ್ನು ಆ ಕನ್ಸಲ್ಟೇಶನ್‌ಗೆ ಇಟ್ಟುಕೊಳ್ಳಿ ಅಂತ ಯುರಾಲಜಿಸ್ಟ್ (ಮೂತ್ರಾಂಗ, ಪ್ರಾಸ್ಟೇಟ್ ನೋಡುವ ಡಾಕ್ಟರ್) ಹತ್ತಿರ ಕಳಿಸುತ್ತೇನೆ.