ಒಬ್ಬನಿಗೆ ಅಡಿಗೆ ಮಾಡಲು ಕಲಿತದ್ದು

ಜೆಂಬರದ, ಅಂದರೆ ಮದುವೆ ಉಪನಯನದಂಥ ಸಮಾರಂಭದ, ಮುನ್ನಾದಿನ ಸಂಜೆ ನಮ್ಮಲ್ಲಿ ನೆರೆಕರೆಯವರು ಸೇರಿ ಮೇಲಾರಕ್ಕೆ (ಮಜ್ಜಿಗೆಹುಳಿಗೆ) ಕೊರೆಯುವ ಕ್ರಮ ಉಂಟು. ಮೆಟ್ಟುಕತ್ತಿ ಹಿಡಿದು ಹತ್ತಿಪ್ಪತ್ತು ಜನ ಚಾಪೆ ಮೇಲೆ ಕೂತು, ಪಟ್ಟಾಂಗ ಹೊಡೆಯುತ್ತಾ ತರಕಾರಿ ಕೊರೆಯುತ್ತಾರೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಅಡಿಗೆ ಮಾಡುತ್ತಿರುವ ನನಗೆ ಮರುದಿನದ ಊಟ ಹೇಗಾಗುತ್ತದೆ ಎಂಬುದು ಆ ಸಂಜೆಯೇ ಗೊತ್ತಾಗುತ್ತದೆ. ಸೌತೆಯ ಹೋಳು ಒಂದು ದೊಡ್ಡದು ಒಂದು ಸಣ್ಣದು ಬಿದ್ದರೆ ಬೆಳಿಗ್ಗೆ ಯಾವ ಮಸಾಲೆಯೂ ಕಾಪಾಡುವುದಿಲ್ಲ.

ತೂಕ ಇಳಿಸುವ ಆಪರೇಷನ್ ಆದ ಮೇಲೆ ಸಿಕ್ಕಿದವರೆಲ್ಲ ಆಪರೇಷನ್ನಿನ ಬಗ್ಗೆಯೇ ಕೇಳುತ್ತಾರೆ. ಅದು ಎರಡೂವರೆ ಗಂಟೆಯ ಕೆಲಸ, ನಾನು ನಿದ್ದೆಯಲ್ಲಿದ್ದೆ, ಹೇಳಲು ನನ್ನ ಹತ್ತಿರ ಏನೂ ಇಲ್ಲ. ಹೇಳಲಿಕ್ಕಿರುವುದು ಅದಕ್ಕೆ ಮೊದಲಿನ ಐದು ತಿಂಗಳ ಕೊರೆತದ್ದು, ಅಂದರೆ ತಯಾರಿಯದ್ದು.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಬಿಡುತ್ತೇನೆ. ಅಡಿಗೆಯವರು ರುಚಿ ನೋಡಿ ನೋಡಿ ದಪ್ಪ ಆಗುತ್ತಾರೆ ಅಂತ ಜನ ತಿಳಿದಿದ್ದಾರೆ. ಪೂಜೆ, ಉಪನಯನ, ಶ್ರಾದ್ಧದ ಅಡಿಗೆಯಲ್ಲಿ ನೈವೇದ್ಯಕ್ಕೆ ಮುಂಚೆ ನಾವು ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಉಪ್ಪು ಹದವಾಗಿದೆಯೋ ಇಲ್ಲವೋ ಎಂಬುದನ್ನು ಕುದಿಯುವಾಗಿನ ಪರಿಮಳದಲ್ಲೇ ತಿಳಿಯಬೇಕು. ನನ್ನನ್ನು ದಪ್ಪ ಮಾಡಿದ್ದು ಹಸಿವು. ರಾತ್ರಿ ಎರಡು ಗಂಟೆಗೆ ಒಲೆ ಹೊತ್ತಿಸಿದರೆ ಕೊನೆಯ ಹಂತಿ (ಊಟದ ಸಾಲು) ಎದ್ದು ನಾವು ಕೂರುವಾಗ ಮಧ್ಯಾಹ್ನ ಮೂರೂವರೆ. ಅಲ್ಲಿವರೆಗೆ ಸಕ್ಕರೆ ಹಾಕಿದ ಚಾಯ ಏಳೆಂಟು ಗ್ಲಾಸು, ಬಾಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು. ಆಮೇಲೆ ಒಂದೇ ಸಲಕ್ಕೆ ಮೂರು ಹೊತ್ತಿನದ್ದು, ಹನ್ನೆರಡು ನಿಮಿಷದಲ್ಲಿ.

ನಲವತ್ತೇಳನೇ ವಯಸ್ಸಿಗೆ ನನ್ನ ತೂಕ 124 ಕಿಲೋ. ಎತ್ತರ 169 ಸೆಂಟಿಮೀಟರ್. ಕಿಲೋ ತೂಕವನ್ನು ಮೀಟರಿನಲ್ಲಿ ಬರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಬಿಎಂಐ 43ರ ಮೇಲೆ. ಸಕ್ಕರೆ ಕಾಯಿಲೆ ಒಂಬತ್ತು ವರ್ಷದ್ದು, ಮೊಣಕಾಲು ಹೋಗಿತ್ತು. ಆದರೆ ನನ್ನನ್ನು ಮಂಗಳೂರಿಗೆ ಹೊರಡಿಸಿದ್ದು ಇದ್ಯಾವುದೂ ಅಲ್ಲ. ಒಂದು ರಾತ್ರಿ ಮನೆಯವಳು ನನ್ನನ್ನು ದೂಡಿ ಎಬ್ಬಿಸಿ ಕೂರಿಸಿದಳು: "ಉಸಿರೇ ನಿಂದತ್ತನ್ನೆ ನಿಂಗಳದ್ದು!" ಅವಳ ಕೈ ನಡುಗುತ್ತಿತ್ತು. ಗೊರಕೆಗೆ ಅವಳು ಒಗ್ಗಿದ್ದಳು, ಗೊರಕೆ ನಡುವಿನ ಆ ಮೌನಕ್ಕೆ ಅಲ್ಲ.

ಮೊದಲ ಭೇಟಿ ಫೆಬ್ರವರಿಯಲ್ಲಿ. ಆ ದಿನವೇ ಸರ್ಜನ್ ಹೇಳಿದರು, "ಜುಲೈಗಿಂತ ಮೊದಲು ನಾನು ಮಾಡುವುದಿಲ್ಲ." ನನಗೂ ಅದೇ ಬೇಕಿತ್ತು. ಮೇ ಮುಗಿಯುವವರೆಗೆ ಮದುವೆ, ಉಪನಯನ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಅಡಿಗೆಯವನಿಗೆ ಒಂದು ತಿಂಗಳು ಮನೆಯಲ್ಲಿ ಕೂರಲು ಸಿಗುವುದು ಆಗ ಮಾತ್ರ. ಹಾಗೆ ಆಟಿಯ ದಿನ ನಿಗದಿ ಆಯಿತು.

ಯಾವ ಆಪರೇಷನ್ ಎಂಬುದು ನಾನು ಆರಿಸಿಕೊಳ್ಳುವ ವಿಷಯ ಅಂದುಕೊಂಡಿದ್ದೆ. ನನ್ನ ಭಾವ ಯಾರದೋ ಸ್ಲೀವ್ ಆಪರೇಷನ್ ನೋಡಿ ಬಂದು ಅದನ್ನೇ ಮಾಡಿಸು ಅಂದಿದ್ದ. ಅದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ, ಉಳಿಯುವುದು ಒಂದು ಕೊಳವೆ. ಎಂಡೋಸ್ಕೋಪಿ ಮಾಡಿದಾಗ ನನ್ನ ಹುಳಿತೇಗಿನ ಗುರುತು ಸಿಕ್ಕಿತು: ಆಮ್ಲ ಮೇಲೆ ಬಂದು ಅನ್ನನಾಳದ ತುದಿ ಕೆಂಪಾಗಿತ್ತು, ಜೊತೆಗೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ. ಸ್ಲೀವ್ ಮಾಡಿದರೆ ಈ ಆಮ್ಲದ ತೊಂದರೆ ಹೆಚ್ಚಾಗುವ ಸಂಭವ ಉಂಟು. ಹಾಗಾಗಿ ಬೈಪಾಸ್: ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಒಂದು ಸಣ್ಣ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ನೇರ ಜೋಡಿಸುವುದು. ಮೂವತ್ತು ಎಂ.ಎಲ್. ಅಂದರೆ ಎರಡು ದೊಡ್ಡ ಚಮಚ. ನಾನು ಪಾಯಸ ಬಡಿಸುವ ಸೌಟಿನಲ್ಲಿ ಅಷ್ಟು ತಳಕ್ಕೇ ಅಂಟಿಕೊಂಡಿರುತ್ತದೆ! ಬ್ಯಾಕ್ಟೀರಿಯಾಕ್ಕೆ ಹದಿನಾಲ್ಕು ದಿನ ಮಾತ್ರೆ ತಿಂದೆ, ಬಾಯಿ ಕಹಿ ಆಗಿ ಸಾಂಬಾರಿನ ಪರಿಮಳವೂ ಹಿಡಿಯದೆ ಒಂದು ಉಪನಯನದಲ್ಲಿ ಉಪ್ಪು ತಪ್ಪಿತು. ಯಾರೂ ಹೇಳಲಿಲ್ಲ, ನನಗೆ ಗೊತ್ತಾಯಿತು.

ನಿದ್ರೆಯ ಪರೀಕ್ಷೆಗೆ ಒಂದು ರಾತ್ರಿ ಮೈಯೆಲ್ಲ ವಯರು ಅಂಟಿಸಿ ಮಲಗಿಸಿದರು. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಸ್ಲೀಪ್ ಆಪ್ನಿಯಾ, ತೀವ್ರವಾಗಿಯೇ ಇತ್ತು. ಸಿಪ್ಯಾಪ್ ಎಂಬ ಯಂತ್ರ ಕೊಟ್ಟರು, ಮೂಗಿಗೆ ಮಾಸ್ಕ್ ಹಾಕಿದರೆ ಒತ್ತಡದ ಗಾಳಿ ಗಂಟಲನ್ನು ತೆರೆದಿಡುತ್ತದೆ. ಅರಿವಳಿಕೆ ಕೊಡುವ ಡಾಕ್ಟರಿಗೆ ಈ ಕಾಯಿಲೆ ಮೊದಲೇ ಗೊತ್ತಿರಬೇಕು, ಯಂತ್ರಕ್ಕೆ ನಾವು ಕೆಲವು ವಾರ ಮೊದಲೇ ಒಗ್ಗಿರಬೇಕು, ಅಡ್ಮಿಟ್ ಆಗುವಾಗ ನಮ್ಮದೇ ಯಂತ್ರ ಕೊಂಡುಹೋಗಬೇಕು. ಮೊದಲ ವಾರ ಆನೆಸೊಂಡಿಲು ಕಟ್ಟಿದ ಹಾಗೆ ಅನ್ನಿಸಿತು. ಎರಡನೇ ವಾರ, ಎಷ್ಟೋ ವರ್ಷದ ಮೇಲೆ, ಕನಸು ಬಿತ್ತು.

ವಿಮೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನೆನೆದರೆ ಈಗಲೂ ತಲೆಬಿಸಿ. ನಮ್ಮ ದೇಶದ ಡಾಕ್ಟರುಗಳು ಬಿಎಂಐ 37.5 ದಾಟಿದ್ದರೆ, ಅಥವಾ ಸಕ್ಕರೆ ಕಾಯಿಲೆಯಂಥದ್ದು ಇದ್ದು 32.5 ದಾಟಿದ್ದರೆ, ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ ಲೆಕ್ಕ ಬೇರೆ: 40 ಇರಬೇಕು, ಇಲ್ಲವೇ 35 ಇದ್ದು ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರಬೇಕು, ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಸೋತಿರಲೂ ಬೇಕು. ನಾನು ಸೋತದ್ದು ಊರಿಗೆಲ್ಲ ಗೊತ್ತು, ಕಾಗದದಲ್ಲಿ ಮಾತ್ರ ಇರಲಿಲ್ಲ. ಕಂಪೆನಿ ಎರಡು ಸಲ ಕಾಗದ ವಾಪಸು ಕಳಿಸಿತು. ಊರಿನ ಆಸ್ಪತ್ರೆಯ ಹಳೆಯ ಚೀಟಿಗಳೆಲ್ಲ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನನಗೆ ಮಾತಾಡಲು ಬರುತ್ತದೆ, ಓದಲು ಮಗಳೇ ಬೇಕು. ಅವಳು ಒಂದು ಭಾನುವಾರ ಪೂರ್ತಿ ಕೂತು ಏಳು ವರ್ಷದ ತೂಕವನ್ನು ಚೀಟಿಗಳಿಂದ ಹೆಕ್ಕಿ ಬರೆದಳು. ತೂಕ ಇಳಿಸಲು ಡಾಕ್ಟರ ಹತ್ತಿರ ಹೋದಾಗಲೆಲ್ಲ ತಾರೀಕು ಹಾಕಿದ ಚೀಟಿ ಕೇಳಿ ಇಟ್ಟುಕೊಳ್ಳಿ.

ಹೊಗೆಸೊಪ್ಪು ಬಿಡುವುದು ಇಡೀ ತಯಾರಿಯಲ್ಲಿ ಅತಿ ಕಷ್ಟದ್ದು. ಸಿಗರೇಟು ಸೇದುತ್ತೀರಾ ಅಂತ ಕೇಳಿದಾಗ ಇಲ್ಲ ಅಂದಿದ್ದೆ. ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ. ಎರಡನೇ ಭೇಟಿಯಲ್ಲಿ ಡಯಟಿಶಿಯನ್ ನನ್ನ ಹಲ್ಲು ನೋಡಿ ಕೇಳಿದರು, "ಭಟ್ರೇ, ಎಲೆಗೆ ಎಂತ ಹಾಕಿ ತಿನ್ನುವುದು?" ನಿಕೋಟಿನ್ ಹೊಗೆಯಲ್ಲಿ ಬಂದರೂ ಒಂದೇ, ಸೊಪ್ಪಿನಲ್ಲಿ ಬಂದರೂ ಒಂದೇ: ಗಾಯ ಒಣಗಲು ಬಿಡುವುದಿಲ್ಲ, ಚೀಲ ಮತ್ತು ಕರುಳು ಸೇರುವ ಹೊಲಿಗೆಯಲ್ಲಿ ಹುಣ್ಣು ತರಿಸುತ್ತದೆ. ಕಡಿಮೆಯೆಂದರೆ ಆರು ವಾರ ಮೊದಲೇ ಬಿಡಬೇಕು, ಆಮೇಲೆ ತಿರುಗಿ ಮುಟ್ಟಬಾರದು. ಮುಂಜಾನೆ ಮೂರು ಗಂಟೆಗೆ ಕೊಪ್ಪರಿಗೆಯೆದುರು ನಿಂತವನಿಗೆ ಸೊಪ್ಪು ಇಲ್ಲದಿದ್ದರೆ ಕಣ್ಣು ಎಳೆಯುತ್ತದೆ, ಸಿಟ್ಟು ಬರುತ್ತದೆ. ಏಪ್ರಿಲ್ ಕೊನೆಗೆ ಬಿಟ್ಟೆ. ಮೇ ತಿಂಗಳಿಡೀ ನನ್ನ ಜೊತೆ ಕೆಲಸ ಮಾಡಿದ ಹುಡುಗರ ಹತ್ತಿರ ಇಲ್ಲಿಂದಲೇ ಕ್ಷಮೆ ಕೇಳುತ್ತೇನೆ. ಮೊಣಕಾಲಿಗೆ ನುಂಗುತ್ತಿದ್ದ ನೋವಿನ ಮಾತ್ರೆಯೂ ಇದೇ ಹುಣ್ಣಿನ ಕಾರಣಕ್ಕೆ ಹೋಯಿತು. ಪ್ಯಾರಾಸಿಟಮಾಲ್ ಮಾತ್ರ ಉಳಿಯಿತು.

ಮನಃಶಾಸ್ತ್ರಜ್ಞರ ಹತ್ತಿರ ಕಳಿಸಿದಾಗ ನನಗೆ ಬೇಸರವೇ ಆಗಿತ್ತು, ಹುಚ್ಚನಿಗೆ ನೋಡಿದ ಹಾಗೆ ನೋಡುವುದೇ ಅಂತ. ಆಕೆ ಕೇಳಿದ್ದು ಒಂದೇ ಪ್ರಶ್ನೆ ನೆನಪಿದೆ: "ಹಸಿವಾಗಿ ಊಟಕ್ಕೆ ಕೂತದ್ದು ಯಾವಾಗ, ಹಸಿವು ಸತ್ತ ಮೇಲೆ ಕೂತದ್ದು ಯಾವಾಗ?" ನಾನು ತುಂಬ ಹೊತ್ತು ಸುಮ್ಮನಿದ್ದೆ. ಹೊಟ್ಟೆ ಹೇಳಿದ್ದನ್ನು ಕೇಳಿದ್ದೇ ಇಲ್ಲ, ಹಂತಿ ಎದ್ದಾಗ ಕೂತದ್ದು.

ಆ ದಿನದಿಂದ ಊಟದ ಅಭ್ಯಾಸ ಶುರು. ಒಂದು ತುತ್ತು ಇಪ್ಪತ್ತೈದು ಸಲ ಅಗಿಯುವುದು, ಅರ್ಧ ಗಂಟೆಯ ಊಟ, ಊಟದ ಜೊತೆ ನೀರು ಇಲ್ಲ, ಆದ ಮೇಲೆ ಅರ್ಧ ಗಂಟೆವರೆಗೂ ಇಲ್ಲ. ಕುಚ್ಚಲಕ್ಕಿ ಗಂಜಿ ತಿಳಿಯ ಸಮೇತ ಸುರಿದುಕೊಂಡು ಬೆಳೆದವನಿಗೆ, ಕೊನೆಗೆ ಮಜ್ಜಿಗೆ ಕುಡಿಯದೆ ಎಲೆಯಿಂದ ಏಳುವುದು ಊಟ ಅರ್ಧಕ್ಕೆ ಬಿಟ್ಟ ಹಾಗೆ. ಇದನ್ನು ಆಪರೇಷನ್ ಆದ ಮೇಲೆ ಕಲಿಯುತ್ತೇನೆ ಅಂದರೆ ಆಗುವುದಿಲ್ಲ. ಅಷ್ಟು ಸಣ್ಣ ಚೀಲಕ್ಕೆ ಅವಸರದ ತುತ್ತು ಹೋದರೆ ಅದು ವಾಪಸೇ ಬರುವುದು. ಸಿಹಿಯೂ ಹಾಗೆ. ಬೈಪಾಸ್ ಆದವರು ಹೋಳಿಗೆ, ಪಾಯಸ ಹೊಡೆದರೆ ಸಕ್ಕರೆ ನೇರ ಕರುಳಿಗೆ ಇಳಿದು ಎದೆ ಡವಡವ, ಬೆವರು, ತಲೆಸುತ್ತು, ಬೇಧಿ. ಬಡಿಸುವುದಕ್ಕೆ ಅಡ್ಡಿಯಿಲ್ಲ ಅಂದರು.

ಇನ್ನು ಪ್ರೋಟೀನು. ದಿನಕ್ಕೆ ಕಡಿಮೆಯೆಂದರೆ 60 ಗ್ರಾಂ ಬೇಕು. ಮೊಟ್ಟೆ ಮೀನು ತಿನ್ನದ ನಮ್ಮ ಅಡಿಗೆಯಲ್ಲಿ ಅದು ಎಲ್ಲಿಂದ? ಒಂದು ಸಂಜೆ ಕೂತು ನನ್ನ ಇಡೀ ಮದುವೆ ಊಟದ ಲೆಕ್ಕ ಹಾಕಿದೆ. ಅನ್ನ, ಸಾರು, ಕೊದಿಲು, ಪಲ್ಯ, ಮೇಲಾರ, ಹಪ್ಪಳ, ಎರಡು ಪಾಯಸ, ಎಲ್ಲ ಸೇರಿದರೂ ಅರ್ಧಕ್ಕೆ ಬರುವುದು ಕಷ್ಟ. ಐನೂರು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಕಾಯಿ ಅಂತ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಒಬ್ಬನಿಗೆ ಅಡಿಗೆ ಮಾಡುವ ಲೆಕ್ಕ ನನಗೆ ಗೊತ್ತಿರಲಿಲ್ಲ. ಕೈಯಳತೆ ಬಿಟ್ಟು ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಂದೆ, ಬ್ಯಾಟರಿಯದ್ದು.

ಕೊನೆಯ ಎರಡು ವಾರದ ಪಥ್ಯಕ್ಕೆ ಆ ತಕ್ಕಡಿಯೇ ಗುರು. ದಪ್ಪ ಇರುವವರ ಲಿವರಿನಲ್ಲಿ ಕೊಬ್ಬು ತುಂಬಿ ಅದು ಊದಿರುತ್ತದೆ. ಅದರ ಎಡಹಾಳೆ ಸರಿಯಾಗಿ ಹೊಟ್ಟೆಯ ಮೇಲೆಯೇ ಕೂತಿರುವುದು. ದುರ್ಬೀನಿನ ಆಪರೇಷನ್ನಿನಲ್ಲಿ ಅದನ್ನು ಎತ್ತಿ ಹಿಡಿದೇ ಒಳಗೆ ಕೆಲಸ ಮಾಡಬೇಕು. ಭಾರ ಇದ್ದರೆ ಎತ್ತಲಾಗುವುದಿಲ್ಲ, ಹರಿದು ರಕ್ತ ಬರಬಹುದು. ಅನ್ನ, ಸಕ್ಕರೆ, ಎಣ್ಣೆ ಬಿಟ್ಟು ಪ್ರೋಟೀನಿನ ಮೇಲೆ ಇದ್ದರೆ ಎರಡು ವಾರದಲ್ಲಿ ಅದು ಕುಗ್ಗುತ್ತದೆ. ನನ್ನದು ಹೀಗಿತ್ತು: ಬೆಳಿಗ್ಗೆ ನೀರಿನಲ್ಲಿ ಕಲಸಿದ ಪ್ರೋಟೀನ್ ಪುಡಿ, ಹತ್ತು ಗಂಟೆಗೆ ಒಂದು ಬಟ್ಟಲು ಕೆನೆ ತೆಗೆದ ಮೊಸರು, ಮಧ್ಯಾಹ್ನ 50 ಗ್ರಾಂ ಹೆಸರುಕಾಳು ಮೊಳಕೆ ಬರಿಸಿ ಬೇಯಿಸಿದ್ದು ಮತ್ತು ಸೊರೆಕಾಯಿಯೋ ಹರಿವೆಯೋ, ಸಂಜೆ ನೀರುಮಜ್ಜಿಗೆ, ರಾತ್ರಿ 100 ಗ್ರಾಂ ಪನೀರು. ತೆಂಗಿನಕಾಯಿ ಇಲ್ಲ. ಕಾಸರಗೋಡಿನಲ್ಲಿ ಕಾಯಿ ಹಾಕದ ಪಲ್ಯ ಮಾಡಿ ನಾನೇ ಉಂಡೆ ಅಂದರೆ ನನ್ನ ಗುರುಗಳು ನಂಬಲಿಕ್ಕಿಲ್ಲ.

ಪಥ್ಯದ ಮೂರನೇ ದಿನ ಪೇಟೆಯಲ್ಲಿ ಸಾಮಾನು ಕಟ್ಟಿಸುತ್ತಿದ್ದೆ. ಕೈ ನಡುಗಿತು, ಅಂಗಡಿಯ ಬೋರ್ಡು ಎರಡಾಗಿ ಕಂಡಿತು, ಅಂಗಿ ಒದ್ದೆ. ಅಂಗಡಿಯವರು ಕೂರಿಸಿ ಬೆಲ್ಲ ನೀರು ಕೊಟ್ಟರು. ಪಕ್ಕದ ಮೆಡಿಕಲ್ಲಿನಲ್ಲಿ ಸಕ್ಕರೆ ನೋಡಿದರೆ 54. ತಪ್ಪು ನನ್ನದೇ. ಊರಿನ ಡಾಕ್ಟರು ಕೊಟ್ಟ ಗ್ಲಿಮೆಪಿರೈಡ್ ಮಾತ್ರೆಯ ಹೆಸರನ್ನು ಮಂಗಳೂರಿನ ಪಟ್ಟಿಯಲ್ಲಿ ಬರೆಸಿರಲಿಲ್ಲ. ಅನ್ನ ನಿಲ್ಲಿಸಿ, ಸಕ್ಕರೆ ಇಳಿಸುವ ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗಿದರೆ ಇನ್ನೆಂತ ಆಗುವುದು! ಫೋನ್ ಮಾಡಿದಾಗ ಅದನ್ನು ನಿಲ್ಲಿಸಿದರು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಇನ್ನೊಂದು ಮಾತ್ರೆಯನ್ನು ಆಪರೇಷನ್ನಿಗೆ ಮೂರು ದಿನ ಮೊದಲು ಬಿಡಿಸಿದರು. ಪಥ್ಯ ಶುರುಮಾಡುವ ಮುಂಚೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಪಟ್ಟಿ ಬರೆಯಲು ಹೋದರೆ ಒಂದು ಬಿಟ್ಟುಹೋಗುತ್ತದೆ.

ಉಸಿರಾಟದ ಅಭ್ಯಾಸಕ್ಕೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. 600, 900, 1200 ಅಂತ ಬರೆದಿತ್ತು. ಜೀವಮಾನವೆಲ್ಲ ಒಲೆ ಊದಿದವನು ನಾನು, ಕೊಳವೆ ಬಾಯಿಗಿಟ್ಟು ಜೋರಾಗಿ ಊದಿದೆ. ಚೆಂಡು ಅಲ್ಲಾಡಲಿಲ್ಲ. ಮಗಳು ನೆಲಕ್ಕೆ ಬಿದ್ದು ನಗಾಡಿದಳು: "ಅಪ್ಪಾ, ಎಳೆಕ್ಕು!" ಎಳೆದರೆ ಒಂದು ಚೆಂಡು ಎದ್ದಿತು. ಹೊರಡುವ ದಿನಕ್ಕೆ ಎರಡು ನಿಲ್ಲುತ್ತಿದ್ದವು.

ಆಟಿಯ ಮಳೆ ಆಟಿಯದ್ದೇ. ಪಥ್ಯದ ಹನ್ನೊಂದನೇ ದಿನ ಸಂಜೆ ನೆರೆಮನೆಯ ಅತ್ತೆ ಭರಣಿಯ ಉಪ್ಪುಸೊಳೆ (ಉಪ್ಪಿನಲ್ಲಿ ಇಟ್ಟ ಹಲಸಿನ ಸೊಳೆ) ತೊಳೆದು ರುಬ್ಬಿ, ಸಣ್ಣ ಉಂಡೆ ಮಾಡಿ ಉಂಡ್ಲಕಾಳು ಕರಿದು, ಬಿಸಿಬಿಸಿ ಇರುವಾಗಲೇ ತಟ್ಟೆಗೆ ಹಾಕಿ ತಂದರು. ತೆಂಗಿನೆಣ್ಣೆಯ ಆ ಪರಿಮಳ. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ, ಹೇಳಲು ನನಗೂ ಮನಸ್ಸಿರಲಿಲ್ಲ. ನಾಲ್ಕು ತಿಂದೆ. ಎಣಿಸಿಯೇ ತಿಂದೆ. ಐದನೆಯದನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದು ತಟ್ಟೆಗೆ ವಾಪಸು ಹಾಕಿದೆ.

ಅಡ್ಮಿಟ್ ಆಗುವಾಗ ತೂಕ 116. ಗಡಿಯ ತಲಪಾಡಿ ದಾಟುವಾಗ ಚೀಲದಲ್ಲಿ ಸಿಪ್ಯಾಪ್, ಚೆಂಡಿನ ಡಬ್ಬಿ, ಹಳೆಯ ಚೀಟಿಗಳ ಫೈಲು. ಮರುದಿನ ಬೆಳಿಗ್ಗೆ ನರ್ಸ್ ಕಾಲಿಗೆ ಬಿಗಿಯಾದ ಕಾಲುಚೀಲ ಏರಿಸಿದಳು, ರಕ್ತ ಹೆಪ್ಪುಗಟ್ಟದ ಹಾಗೆ. "ಪೋಡ್ಯೊಡ್ಚಿ ಭಟ್ರೇ" ಅಂದಳು ತುಳುವಿನಲ್ಲಿ, ಹೆದರಬೇಡಿ ಅಂತ. ಅಲ್ಲಿಂದ ಮುಂದಿನದ್ದು ನನಗೆ ಗೊತ್ತಿಲ್ಲ.

ಮಾರನೇ ದಿನ ಸರ್ಜನ್ ರೌಂಡ್ಸಿಗೆ ಬಂದರು. ಹೊಟ್ಟೆ ಮುಟ್ಟಿ ನೋಡಿ, "ಲಿವರ್ ಎತ್ತಲು ಏನೂ ಕಷ್ಟ ಆಗಲಿಲ್ಲ. ಪಥ್ಯ ಸರಿಯಾಗಿ ಮಾಡಿದ್ದೀರಿ" ಅಂದರು.

"ಒಂದು ದಿನ ನಾಲ್ಕು ಉಂಡ್ಲಕಾಳು ತಿಂದಿದ್ದೆ ಡಾಕ್ಟ್ರೇ."

ಅವರು ನಕ್ಕರು. "ಅದು ಕಾಣಲಿಲ್ಲ."