ಹತ್ತಿ ಬಿಡಿಸೋ ಕಾಲಕ್ಕೆ ಖಾಲಿಯಾಗುತ್ತಿದ್ದ ತರಗತಿ

ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಾಸ್ತರ. ನಾರಾಯಣಪುರ ಕಾಲುವೆ ನೀರು ಬರುವ ಊರು. ಎರೆ ಹೊಲ, ಹತ್ತಿ, ಮೆಣಸಿನಕಾಯಿ. ದಸರಾ ರಜೆ ಮುಗಿದು ಶಾಲೆ ಶುರುವಾದರೆ ಆರು, ಏಳನೇ ತರಗತಿಯಲ್ಲಿ ಅರ್ಧ ಜಾಗ ಖಾಲಿ. ಎಲ್ಲಿ ಹೋದರು ಅಂತ ಕೇಳೋದೇ ಬೇಡ.

"ಪಾಲಕರಿಗೆ ಓದಿನ ಬೆಲೆ ಗೊತ್ತಿಲ್ಲ" ಅಂತ ಸಭೆಗಳಲ್ಲಿ ಹೇಳಿಬಿಡ್ತಾರೆ. ನಾನು ಒಪ್ಪೋದಿಲ್ಲ. ಹತ್ತಿ ಬಿಡಿಸೋದಕ್ಕೆ ಕೂಲಿ ಕೆಜಿ ಲೆಕ್ಕ. ದಿನಗೂಲಿ ಆಗಿದ್ದರೆ ಹನ್ನೊಂದು ವರ್ಷದ ಹುಡುಗಿಯನ್ನು ಯಾರೂ ಕರೆಯುತ್ತಿರಲಿಲ್ಲ. ಆದರೆ ಕೆಜಿ ಲೆಕ್ಕದಲ್ಲಿ ಅವಳು ಬಿಡಿಸಿದ್ದೆಲ್ಲ ಅವ್ವನ ಚೀಲಕ್ಕೇ ಬೀಳುತ್ತೆ. ಸಂಜೆ ತೂಗುವಾಗ ಆ ನಾಲ್ಕೈದು ಕೆಜಿ ಕಣ್ಣಿಗೆ ಕಾಣುತ್ತೆ. ಅದರ ಮುಂದೆ ನಮ್ಮ ಭಾಷಣ ಯಾವ ಲೆಕ್ಕ?

ಅನುಮತಿ ಇಲ್ಲದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ಹಿಡಿಯುವ ನಿಯಮ ನಮ್ಮ ರಾಜ್ಯದಲ್ಲಿದೆ. ಒಳ್ಳೆಯದೇ. ಆದರೆ ನಮ್ಮ ಮಕ್ಕಳು ಏಳು ದಿನ ತಪ್ಪಿಸೋದೇ ಇಲ್ಲ. ಮೂರು ದಿನ ಹೊಲ, ಒಂದು ದಿನ ಶಾಲೆ, ಮತ್ತೆ ಎರಡು ದಿನ ಹೊಲ. ಕಾಗದದ ಮೇಲೆ ಎಲ್ಲರೂ ಶಾಲೆಯಲ್ಲೇ ಇದ್ದಾರೆ!

ಹಾಗಾಗಿ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ನೋಡುವ ಪಾಲಕರ ಸಮಿತಿ) ಸಭೆಯಲ್ಲಿ ಹಾಜರಿ ಪುಸ್ತಕವನ್ನೇ ನಡುವೆ ಇಟ್ಟುಕೊಂಡು ಕೂತೆವು. ಶೇಕಡಾ ಲೆಕ್ಕ ಬಿಟ್ಟು, ಹೆಸರು ಓದುತ್ತಾ ಹೋದೆವು. ಕೂತಿದ್ದವರೆಲ್ಲ ಊರಿನವರೇ, ಹೆಸರು ಕೇಳಿದ ಕೂಡಲೇ ಕಾರಣ ಹೇಳಿಬಿಟ್ಟರು. ಇವಳು ಹತ್ತಿಗೆ, ಇವಳು ಕೂಸು ಹಿಡಿಯೋಕೆ, ಇವನು ಸುಮ್ನೆ ಕಾಲುವೆಯಲ್ಲಿ ಈಜೋಕೆ.

ಮೊದಲು ಹಿಡಿದದ್ದು ಟಂಟಂ ಆಟೊ. ನಮ್ಮ ಕಡೆ ಕೂಲಿಯವರು ಬೇರೆ ಊರ ಹೊಲಕ್ಕೆ ಹೋಗೋದು ಅದರಲ್ಲೇ. ಬೆಳಿಗ್ಗೆ ಅಗಸಿ (ಊರ ಬಾಗಿಲು) ಮುಂದೆ ಸಾಲಾಗಿ ನಿಂತಿರುತ್ತವೆ. ಬುತ್ತಿ, ನೀರಿನ ಬಾಟಲಿ, ಹತ್ತಿ ತುಂಬೋ ಚೀಲ, ಅದರ ನಡುವೆ ತಲೆಗೆ ಟವೆಲ್ ಸುತ್ತಿಕೊಂಡ ನಮ್ಮ ಹುಡುಗಿಯರು. ನನ್ನ ಕಂಡರೆ ಮುಖ ಆ ಕಡೆ! ಒಬ್ಬ ಚಾಲಕನನ್ನು ಕೇಳಿದೆ. "ನಾ ಬ್ಯಾಡ ಅಂದ್ರ ಹಿಂದಿನ ಗಾಡಿ ಹತ್ತತಾರ್ರೀ ಸರ. ನನ್ನ ಬಾಡಿಗಿ ಹೋಗ್ತದ" ಅಂದ. ಅವನು ಹೇಳಿದ್ದು ಸರಿ ಅಲ್ವಾ? ಒಬ್ಬರಿಗೆ ಹೇಳಿದರೆ ಆಗೋ ಕೆಲಸ ಇದಲ್ಲ. ಪಂಚಾಯಿತಿ ಕಟ್ಟೆಯಲ್ಲಿ ಎಲ್ಲ ಚಾಲಕರನ್ನೂ, ಆಳು ಕೂಡಿಸೋ ಹೆಣ್ಣುಮಕ್ಕಳನ್ನೂ ಒಟ್ಟಿಗೆ ಕೂರಿಸಿದೆವು. ಹದಿನಾಲ್ಕರ ಒಳಗಿನವರನ್ನು ದುಡಿಸಬಾರದು ಅನ್ನೋ ಕಾಯ್ದೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಓದಿ ಹೇಳಿದರು. ಯಾರೂ ಅಷ್ಟು ಕಿವಿಗೊಡಲಿಲ್ಲ. ಮಾತು ತಿರುಗಿದ್ದು ಎಸ್‌ಡಿಎಂಸಿ ಅಧ್ಯಕ್ಷರು ಎದ್ದು ನಿಂತಾಗ. ಅವರದೇ ದೊಡ್ಡ ಹತ್ತಿ ಹೊಲ ಇದೆ. "ನನ್ನ ಹೊಲಕ್ಕ ಸಾಲಿ ಹುಡುಗ್ರು ಬಂದ್ರ ತೂಕ ಮಾಡಂಗಿಲ್ಲ" ಅಂದುಬಿಟ್ಟರು. ಆಮೇಲೆ ಇನ್ನೂ ಕೆಲವು ಹೊಲದವರು ಹೂಂ ಅಂದರು. ತೂಕ ಇಲ್ಲ ಅಂದರೆ ಗಾಡಿ ಹತ್ತಿಸಿ ಏನು ಲಾಭ?

ಕೂಸು ಹಿಡಿಯೋ ಹುಡುಗಿಯರದು ಇನ್ನೂ ಕಷ್ಟ. ಒಬ್ಬ ತಾಯಿ ನೇರವಾಗಿ ಕೇಳಿದಳು: "ಆಕಿ ಸಾಲಿಗಿ ಬಂದ್ರ ಕೂಸಿನ್ನ ನೀವು ಹಿಡೀತೀರೇನ್ರಿ ಸರ?" ಅಂಗನವಾಡಿಗೆ ಹೋಗೋದು ಮೂರು ವರ್ಷ ತುಂಬಿದ ಮಕ್ಕಳು. ಎಂಟು ತಿಂಗಳ ಕೂಸಿಗೆ ಅಲ್ಲಿ ಜಾಗ ಇಲ್ಲ. ನಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ, ಅಂದರೆ ಪುಟ್ಟ ಕೂಸುಗಳನ್ನು ಹಗಲು ನೋಡಿಕೊಳ್ಳೋ ಕೇಂದ್ರ, ಶುರುವಾದ ಮೇಲೆ ಇದಕ್ಕೊಂದು ದಾರಿ ಸಿಕ್ಕಿತು. ಅದನ್ನು ಶುರು ಮಾಡಿದ್ದು ಮುಖ್ಯವಾಗಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ. ಸ್ತ್ರೀಶಕ್ತಿ ಸಂಘದವರು ಮನೆ ಮನೆಗೆ ಹೋಗಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇರುವವರನ್ನು ಕೂಸನ್ನು ಅಲ್ಲಿ ಬಿಡೋಕೆ ಒಪ್ಪಿಸಿದರು. ನಾನು ಹೋಗಿದ್ದರೆ ಆ ಮಾತು ನಡೆಯುತ್ತಿರಲಿಲ್ಲ. ನನ್ನನ್ನು ಕಂಡರೆ "ನಾಳಿ ಕಳಸ್ತೀವ್ರಿ" ಅಂತ ಬಾಗಿಲಲ್ಲೇ ಸಾಗಹಾಕ್ತಾರೆ. ಸಂಘದ ಅಕ್ಕಂದಿರ ಜೊತೆ ಒಳಗೆ ಕೂತು ಮಾತಾಡ್ತಾರೆ.

ಇನ್ನು ಹುಡುಗರು. ಇವರು ಬರ್ತಾರೆ, ಹಾಜರಿ ಹೇಳ್ತಾರೆ, ಊಟ ಮಾಡ್ತಾರೆ, ಮಾಯ. ಊಟದ ತನಕ ಹಾಜರಿ ಜೋರು, ಮಧ್ಯಾಹ್ನದ ಮೇಲೆ ಕಾಲುವೆ ಜೋರು. ಊಟದ ನಂತರ ಇನ್ನೊಮ್ಮೆ ಹಾಜರಿ ಶುರು ಮಾಡಿದೆವು. ಕೊನೆಯ ಪಿರಿಯಡ್ಡಿಗೆ ಆಟ ಇಟ್ಟೆವು. ಅಷ್ಟೇ. ಇವರಿಗೆ ಬುದ್ಧಿಮಾತಿಗಿಂತ ವಾಲಿಬಾಲ್ ಜಾಸ್ತಿ ಕೆಲಸ ಮಾಡಿತು.

ಈಗ ಹತ್ತಿ ಕಾಲದಲ್ಲಿ ಕ್ಲಾಸು ಖಾಲಿ ಕಾಣೋದಿಲ್ಲ. ಪೂರ್ತಿ ತುಂಬುತ್ತೆ ಅಂತಲೂ ಅಲ್ಲ. ಸಂತೆ ದಿನ ಈಗಲೂ ಕೆಲವರು ನಾಪತ್ತೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ.

ನಮ್ಮ ಕೈಗೆ ಸಿಗದೇ ಇರೋದು ಗುಳೆ. ಇಡೀ ಮನೆಯೇ ಬೀಗ ಹಾಕಿಕೊಂಡು ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೊರಟರೆ ಟಂಟಂ ತಡೆದು ಏನು ಮಾಡೋದು? ಅಜ್ಜಿ ಇರುವ ಮನೆಗಳಲ್ಲಿ ಮಕ್ಕಳನ್ನು ಬಿಟ್ಟುಹೋಗಿ ಅಂತ ಕೇಳ್ತೇವೆ. ಕೆಲವರು ಬಿಟ್ಟೂ ಹೋಗಿದ್ದಾರೆ. ಮಧ್ಯಾಹ್ನದ ಊಟ ಶಾಲೆಯಲ್ಲಿ ಆಗುತ್ತೆ. ರಾತ್ರಿ ಊಟಕ್ಕೆ ಅಜ್ಜಿಯ ಕೈಯಲ್ಲಿ ಏನಿದೆ ಅನ್ನೋದರ ಮೇಲೆ ಆ ಮಗು ನಿಲ್ಲುತ್ತೋ ಇಲ್ಲವೋ ತೀರ್ಮಾನ ಆಗುತ್ತೆ. ಗುಳೆ ಹೋಗುವ ತಿಂಗಳುಗಳ ಮಟ್ಟಿಗಾದರೂ ಊರಲ್ಲೇ ಒಂದು ಹಾಸ್ಟೆಲ್ ನಡೆಸಿ ಅಂತ ಎಸ್‌ಡಿಎಂಸಿಯಿಂದ ಅರ್ಜಿ ಕೊಟ್ಟಿದ್ದೇವೆ.