ಕೊಡಲಿ ಹಿಡಿದ ಹಾಫ್-ಎಲ್ಫ್ ಬಾರ್ಬೇರಿಯನ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ಕಟ್ಟಿ ದಾಳ ಎಸೆದು ಆಡುವ ಆಟಕ್ಕೆ ಈ ಪಾತ್ರ ಮಾಡಬೇಕಾದರೆ 2014ರ ನಿಯಮ ಪುಸ್ತಕ ತೆಗೆಯಿರಿ, 2024ರದ್ದರಲ್ಲಿ ಹಾಫ್-ಎಲ್ಫ್ (ಅರ್ಧ ಮನುಷ್ಯ, ಅರ್ಧ ಎಲ್ಫ್ ಎಂಬ ಕಾಲ್ಪನಿಕ ಜೀವಿ) ಇಲ್ಲ. ಈ ಜಾತಿಗೆ ಕರಿಸ್ಮಾ (ಸೆಳೆಯುವ ವ್ಯಕ್ತಿತ್ವ) 2 ಅಂಕ ಜಾಸ್ತಿ ಸಿಗುತ್ತದೆ, ಆವೇಶದಿಂದ ಕಾದಾಡುವ ಯೋಧ ಬಾರ್ಬೇರಿಯನ್‌ಗೆ ಅದೇನೂ ಅಷ್ಟು ಬೇಕಿಲ್ಲ, ಆದರೆ ಬೇರೆ ಎರಡು ಕಡೆ ಒಂದೊಂದು ಅಂಕ ನಮಗೆ ಬೇಕಾದಂತೆ ಹಾಕಿಕೊಳ್ಳಬಹುದು ಅಲ್ವಾ, ಮಜಾ ಇರುವುದು ಅಲ್ಲೇ. ಪುಸ್ತಕ ಹಂಚಲು ಕೊಡುವ ಅಂಕಗಳಲ್ಲಿ 15ನ್ನು ಸ್ಟ್ರೆಂತ್‌ಗೆ (ಬಲ), 13ನ್ನು ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ತಾಳಿಕೆ) ಇಟ್ಟು ಆ ಅಂಕ ಸೇರಿಸಿ: 16, 14. ಡೆಕ್ಸ್‌ಟೆರಿಟಿಗೆ (ಚುರುಕುತನ) 14, ಕರಿಸ್ಮಾಗೆ 12. ಕವಚ ಬೇಡ. 10ಕ್ಕೆ ಡೆಕ್ಸ್‌ಟೆರಿಟಿಯ 2, ಕಾನ್‌ಸ್ಟಿಟ್ಯೂಷನ್‌ನ 2 (14 ಅಂಕ ಇದ್ದರೆ 2 ಸಿಗುತ್ತದೆ) ಸೇರಿ ಆರ್ಮರ್ ಕ್ಲಾಸ್, ಅಂದರೆ ಏಟು ತಾಗದಂತೆ ಕಾಯುವ ಅಂಕ, 14 ಆಗುತ್ತದೆ. ಆಯುಧ ಗ್ರೇಟ್‌ಆಕ್ಸ್, ಇನ್ನೊಂದು ಮಾತಿಲ್ಲ.

ಮೊದಲ ಲೆವೆಲ್‌ನಲ್ಲಿ ರೇಜ್ (ಕಾದಾಟದಲ್ಲಿ ರೊಚ್ಚಿಗೇಳುವ ಶಕ್ತಿ) ಎರಡೇ ಸಲ, ಮತ್ತೆ ಬೇಕಾದರೆ ಲಾಂಗ್ ರೆಸ್ಟ್ (ಪಾತ್ರದ ದೀರ್ಘ ವಿಶ್ರಾಂತಿ) ಮುಗಿಯಬೇಕು. ಪುಟ್ಟ ಶತ್ರು ಗಾಬ್ಲಿನ್ ಕಂಡ ಕೂಡಲೇ ಸುಮ್ನೆ ಖರ್ಚು ಮಾಡಬೇಡಿ. ನಾನು ಹಾಗೇ ಮಾಡಿ, ಕೊನೆಗೆ ದೈತ್ಯ ಓಗರ್ ಬಂದಾಗ ಪೆಚ್ಚುಮೋರೆ ಹಾಕಿ ನಿಂತಿದ್ದೆ. ಹಾಫ್-ಎಲ್ಫ್‌ಗೆ ಹೆಚ್ಚುವರಿ ಸಿಗುವ ಎರಡು ಸ್ಕಿಲ್‌ನಲ್ಲಿ ಒಂದು ಪರ್ಸ್ವೇಷನ್ (ಮಾತಿನಿಂದ ಒಪ್ಪಿಸುವುದು) ಇರಲಿ, ಕೊಡಲಿ ಎತ್ತುವ ಮೊದಲು ಬಾಗಿಲು ಕಾಯುವವನ ಹತ್ತಿರ ಮಾತಾಡಿ ನೋಡಬಹುದು.